ಎರಡು ಆಸ್ಪತ್ರೆ, ಅದೇ 72 ಗಂಟೆ

ನಾನು ಕೊಡಗಿನ ಒಬ್ಬ ಆಶಾ ಕಾರ್ಯಕರ್ತೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಇಬ್ಬರು ಹೆಣ್ಣುಮಕ್ಕಳ ಜೊತೆ ಆಸ್ಪತ್ರೆಗೆ ಓಡಾಡಿದ್ದೇನೆ. ಒಂದು ನಮ್ಮ ಜಿಲ್ಲೆಯದು, ಇನ್ನೊಂದು ನಗರದ ದೊಡ್ಡ ಆಸ್ಪತ್ರೆ. ಎರಡರ ಹೆಸರೂ ಬರೆಯುವುದಿಲ್ಲ. ಬರೆದರೆ ಅವರು ಯಾರು ಅಂತ ಊರಿಗೆ ಗೊತ್ತಾಗಿಬಿಡುತ್ತದೆ.

ಮೊದಲು ಇಲ್ಲಿಯದು. ಕಕ್ಕಡದ (ನಮ್ಮ ಕಡೆಯ ಆಟಿ ತಿಂಗಳು) ಮಳೆ. ಕಾಫಿ ತೋಟದ ಲೈನ್ ಮನೆಯವಳು, ಅಂದರೆ ಕೂಲಿಯವರ ಸಾಲು ಮನೆಯವಳು. ನಡೆದದ್ದು ಶನಿವಾರ ರಾತ್ರಿ ಒಂಬತ್ತಕ್ಕೆ, ನನಗೆ ಹೇಳಿದ್ದು ಸೋಮವಾರ ಬೆಳಿಗ್ಗೆ. ತೋಟದ ಜೀಪ್ ಕೇಳಿದರೆ ಲೆಕ್ಕ ಬರೆಯುವ ರೈಟರಿಗೆ ಕಾರಣ ಹೇಳಬೇಕು. ಹೇಗೆ ಹೇಳುವುದು? ಟಾರ್ ರೋಡಿನವರೆಗೆ ನಡೆದೇ ಹೋದೆವು, ಬಸ್ಸಿಗೆ ಕಾದೆವು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಅದರಲ್ಲಿ ನಲವತ್ತು ಗಂಟೆ ಆಗಲೇ ಹೋಗಿತ್ತು.

ಚೀಟಿ ಕೊಡುವ ಕಿಟಕಿಯಲ್ಲಿ "ಏನು ತೊಂದರೆ?" ಅಂತ ಗಟ್ಟಿಯಾಗಿ ಕೇಳಿದರು. ಹಿಂದಿನ ಸಾಲಲ್ಲಿ ಅವಳ ಜೊತೆ ಕೆಲಸ ಮಾಡುವವರೇ ಇಬ್ಬರು ನಿಂತಿದ್ದರು. ಅವಳು "ಹೊಟ್ಟೆನೋವು" ಅಂದಳು. ಚೀಟಿಯಲ್ಲೂ ಅದೇ ಬಂತು. ಹೊಟ್ಟೆನೋವಿನವರ ಸಾಲಲ್ಲಿ ಇನ್ನೂ ಒಂದು ಗಂಟೆ ಹೋಯಿತು.

ಒಳಗೆ ವಿಷಯ ಹೇಳಿದರೆ ಡಾಕ್ಟರ್, "ಮೊದಲು ಸ್ಟೇಷನ್‌ಗೆ ಹೋಗಿ ದೂರು ಕೊಟ್ಟು ಬನ್ನಿ" ಅಂದರು. ಇದು ತಪ್ಪು. ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಪ್ರಕಾರ ಸರ್ಕಾರಿ ಆಗಲಿ ಖಾಸಗಿ ಆಗಲಿ, ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಆ ಸಾಲು ನನ್ನ ಫೋನಿನಲ್ಲಿತ್ತು, ತೋರಿಸಿದೆ. ಆಮೇಲೆ ಲೇಡಿ ಡಾಕ್ಟರ್ ಬಂದರು. ಅವರು ಒಂದೊಂದಕ್ಕೂ ಒಪ್ಪಿಗೆ ಕೇಳಿ ಮುಂದುವರಿದರು. ಬೆರಳು ಹಾಕಿ ಮಾಡುವ ಪರೀಕ್ಷೆ ಮಾಡಲಿಲ್ಲ. ಅದು ಬೇಡ ಅಂತ 2014ರಲ್ಲೇ ಕೇಂದ್ರದ ಮಾರ್ಗಸೂಚಿ ಇದೆ, 2022ರಲ್ಲಿ ಸುಪ್ರೀಂ ಕೋರ್ಟೂ ಕಟುವಾಗಿ ಹೇಳಿದೆ.

ಅಲ್ಲಿದ್ದ ಸಿಸ್ಟರ್‌ನ ನಾನು ಮರೆಯುವುದಿಲ್ಲ. ಅವಳು ಉಟ್ಟ ಬಟ್ಟೆ ಸಾಕ್ಷಿಗೆ ಬೇಕು ಅಂತ ಬಿಚ್ಚಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿದರು. ಪ್ಲಾಸ್ಟಿಕ್ ಕೂಡದು, ತೇವಕ್ಕೆ ಹಾಳಾಗುತ್ತದೆ. ಬದಲಿ ಬಟ್ಟೆ ನಾವು ಒಯ್ದಿರಲಿಲ್ಲ. ಸಿಸ್ಟರ್ ತಮ್ಮ ಬ್ಯಾಗಿನಿಂದ ನೈಟಿ ತೆಗೆದು ಕೊಟ್ಟರು. ನನ್ನ ಸ್ವೆಟರ್ ಮೇಲೆ ಹಾಕಿಸಿದೆ. ಇಲ್ಲಿಗೆ ಐದಕ್ಕೆ ಎರಡು ಅಂಕ, ಎರಡೂ ಆ ಕೋಣೆಯೊಳಗಿನವರಿಗೆ.

ನಗರದಲ್ಲಿ ನಮ್ಮ ಸಂಬಂಧಿಕರ ಹುಡುಗಿ, ಪಿಜಿಯಲ್ಲಿದ್ದವಳು. ಗೆಳತಿ ಆಟೋದಲ್ಲಿ ಅರ್ಧ ಗಂಟೆಯಲ್ಲಿ ಕರೆದೊಯ್ದಿದ್ದಳು, ನಾನು ಬೆಳಗಿನ ಬಸ್ಸಿಗೆ ಹೋದೆ. ಬೇರೆ ಕೋಣೆ, ಕೌನ್ಸೆಲರ್, ಗುರುತಿನವರು ಒಬ್ಬರೂ ಇಲ್ಲ. ಆದರೆ ನಡೆದದ್ದನ್ನು ನಾಲ್ಕು ಜನರಿಗೆ ನಾಲ್ಕು ಸಲ ಹೇಳಿಸಿದರು. ಕೊನೆಗೆ ಅವಳು ಮಾತೇ ನಿಲ್ಲಿಸಿಬಿಟ್ಟಳು. ಮೂರೂವರೆ ಕೊಡುತ್ತೇನೆ.

ನಿಜವಾದ ವ್ಯತ್ಯಾಸ ಕಂಡಿದ್ದು ಆಮೇಲೆ. ಆ ಮಾತ್ರೆ 28 ದಿನ ತಪ್ಪದೆ ನುಂಗಬೇಕು. ನಗರದವಳು ಆಫೀಸಿಗೆ ಹೋಗುವ ದಾರಿಯಲ್ಲೇ ತಗೊಂಡಳು. ಇಲ್ಲಿಯವಳಿಗೆ ಮೊದಲ ಕೆಲವು ದಿನದ್ದು ಮಾತ್ರ ಕೊಟ್ಟರು, ಉಳಿದದ್ದಕ್ಕೆ ಬೇರೆ ಊರಿಗೆ ಹೋಗಬೇಕು. ಅಂದರೆ ಒಂದು ದಿನದ ಕೂಲಿ, ಎರಡು ಬಸ್ಸು, ಮತ್ತೆ "ಎಲ್ಲಿಗೆ?" ಅನ್ನುವ ಮೇಸ್ತ್ರಿ. ಡಬ್ಬಿಯನ್ನು ಅಕ್ಕಿಯೊಳಗೆ ಹೂತಿಟ್ಟು ನುಂಗಿದಳು. ಆ ಮಾತ್ರೆಯನ್ನು ನಮ್ಮಂಥ ಆಶಾಗಳ ಕೈಗೆ ಮುಚ್ಚಿದ ಕವರಲ್ಲಿ ಕೊಟ್ಟರೆ ಆಗುವುದಿಲ್ವಾ?

ಯಾರಿಗಾದರೂ ಬೇಕಾದರೆ: ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗಿ. ಸ್ನಾನ ಆಗಿದ್ದರೂ ಹೋಗಿ. ಒಂದು ಜೊತೆ ಬಟ್ಟೆ ಇರಲಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ, ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ಸಖಿ ಕೇಂದ್ರದ ಸಹಾಯ ಸಿಗುತ್ತದೆ.

ಇಲ್ಲಿಯವಳೂ ನಾನೂ ಮೂರನೇ ತಿಂಗಳ ಎಚ್‌ಐವಿ ರಕ್ತ ಪರೀಕ್ಷೆಗೆ ಮಂಗಳವಾರ ಹೋಗುತ್ತಿದ್ದೇವೆ. ಈ ಸಲ ಕಿಟಕಿಯಲ್ಲಿ ನಾನು ನಿಲ್ಲುತ್ತೇನೆ.