ನಿಂತ ಮಿನಿ ಟ್ರ್ಯಾಕ್ಟರ್ ತಗೊಳ್ಳಬೇಕಾ, ಓಡುವ ಹಳೇದನ್ನೇ ನೋಡಬೇಕಾ?

"ಬ್ಯಾಟರಿ ಒಂದೇ ಹೋಗೇತ್ರಿ, ಹಾಕಿದ್ರ ಚಾಲೂ ಆಗ್ತೈತಿ." ಗಂಗಾವತಿಯಿಂದ ಮಾನ್ವಿವರೆಗೆ ಬೇವಿನ ಗಿಡದ ಕೆಳಗೆ ನಿಂತ ಗಾಡಿ ತೋರಿಸುವವರ ಬಾಯಲ್ಲಿ ಮೊದಲು ಬರುವ ಮಾತು ಇದು. ನಿಜವೂ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಗಾಡಿ ಕೆಲಸ ಮಾಡುತ್ತಾ ನಿಂತಿತೋ, ನಿಲ್ಲಿಸಿ ಇಟ್ಟ ಮೇಲೆ ಚಾಲೂ ಆಗಲಿಲ್ಲವೋ? ನಿಲ್ಲಿಸಿಟ್ಟದ್ದಾದರೆ ಹೆಚ್ಚಾಗಿ ಡೀಸೆಲ್ ಲೈನಿನಲ್ಲಿ ಗಾಳಿ, ಟ್ಯಾಂಕಿನಲ್ಲಿ ನೀರು, ಎಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್ ಹಿಡಿದಿರುವುದು ಇಂಥವೇ ಇರುತ್ತವೆ. ಕಟಕಟ ಶಬ್ದ ಮಾಡಿ ನಿಂತದ್ದಾದರೆ ಬೇರಿಂಗ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ವರೆಗೂ ಖರ್ಚು ಹೋಗುತ್ತದೆ.

ಇಲ್ಲಿ ಎದುರುಬದುರು ಇಟ್ಟಿರುವುದು ಮೂರು ಆಯ್ಕೆ. ಒಂದು, ಮಹೀಂದ್ರ ಯುವರಾಜ್ 215, ಸ್ವರಾಜ್ 717 ಥರದ 15 ಎಚ್‌ಪಿಯ ಒಂಟಿ ಸಿಲಿಂಡರ್ ನಿಂತ ಗಾಡಿ. ಎರಡು, ವಿಎಸ್‌ಟಿ ಎಂಟಿ 180, ಕುಬೋಟಾ ಬಿ 2441 ಸಾಲಿನ ಮೂರು ಸಿಲಿಂಡರ್ ನಿಂತ ಗಾಡಿ. ಮೂರು, ಇವೇ ಮಾದರಿಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಗಾಡಿ. ಬಿಚ್ಚಿ, ಜೋಡಿಸಿ, ಹೊಲಕ್ಕೆ ಇಳಿಸಿ ನೋಡಿದ ಮೇಲೆ ನಮಗೆ ಗಟ್ಟಿಯಾದದ್ದು ಇಷ್ಟು: ನಿಂತ ಎಂಜಿನ್ನಿಗೆ ಅಷ್ಟಾಗಿ ಹೆದರಬೇಕಿಲ್ಲ. ಹೆದರಬೇಕಾದದ್ದು ಗೇರ್‌ಬಾಕ್ಸಿಗೆ, ಹೈಡ್ರಾಲಿಕ್ಕಿಗೆ ಮತ್ತು ಕಾಗದಪತ್ರಕ್ಕೆ.

ಮೊದಲು ಕೈಯಲ್ಲಿ ತಿರುಗಿಸಿ

ಸೆಲ್ಫ್ ಹೊಡೆಯುವ ಮೊದಲು ಗೇರ್ ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಒಂಟಿ ಸಿಲಿಂಡರಿನಲ್ಲಿ ಪೂರ್ತಿ ಎರಡು ಸುತ್ತಿಗೆ ಒಂದು ಸಲ ಬಿಗಿ, ಅಂದರೆ ಕಂಪ್ರೆಷನ್, ಸಿಗಬೇಕು. ಮೂರು ಸಿಲಿಂಡರಿನಲ್ಲಿ ಅದೇ ಎರಡು ಸುತ್ತಿಗೆ ಮೂರು ಸಲ, ಮೂರೂ ಸಮನಾಗಿ. ಒಂದು ಕಡೆ ಸಡಿಲ ಬಂದರೆ ಆ ಸಿಲಿಂಡರಿನ ವಾಲ್ವ್ ಕೂರುತ್ತಿಲ್ಲ ಅಥವಾ ರಿಂಗ್ ಸವೆದಿದೆ.

ಸ್ವಲ್ಪ ತಿರುಗಿ ಗೋಡೆಗೆ ಬಡಿದಂತೆ ನಿಂತರೆ ಬಲ ಹಾಕಬೇಡಿ. ಸಿಲಿಂಡರಿನಲ್ಲಿ ನೀರೋ ಡೀಸೆಲ್ಲೋ ತುಂಬಿರಬಹುದು. ಆಗ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲೂ ಮಾಡಲು ಹೋದರೆ ರಾಡ್ ಬಗ್ಗುವುದೇ ಸೈ, ಏಕೆಂದರೆ ದ್ರವ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ. ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ಬಿಚ್ಚಿ, ಮುಖ ದೂರ ಇಟ್ಟು ತಿರುಗಿಸಿದರೆ ಇರುವುದೆಲ್ಲ ಚಿಮ್ಮಿ ಹೊರಬರುತ್ತದೆ.

ಅಲ್ಲಾಡದೇ ಇದ್ದರೆ ರಿಂಗ್ ಲೈನರಿಗೆ ತುಕ್ಕು ಹಿಡಿದು ಜಾಮ್ ಆಗಿರಬಹುದು. ಡೀಸೆಲ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಆಯಿಲ್) ಸಮ ಪಾಲು ಬೆರೆಸಿ, ಸುಮಾರು 50 ಎಂಎಲ್ ಇಂಜೆಕ್ಟರ್ ತೂತಿನಿಂದ ಸುರಿದು ಎರಡು ಮೂರು ದಿನ ಬಿಡಬೇಕು, ಆಮೇಲೆ ಹಿಂದೆ ಮುಂದೆ ಅಲ್ಲಾಡಿಸಬೇಕು. ಮಾರುವವರು ಅಷ್ಟು ದಿನ ಒಪ್ಪದಿದ್ದರೆ ಜಾಮ್ ಆದ ಎಂಜಿನ್ ಎಂದೇ ಬೆಲೆ ಕಟ್ಟಿ.

ಒಂಟಿ ಮತ್ತು ಮೂರರ ವ್ಯತ್ಯಾಸ ಇಲ್ಲೇ ದುಡ್ಡಾಗುವುದು. ಒಂಟಿಗೆ ಒಂದು ಲೈನರ್ ಪಿಸ್ಟನ್ ಕಿಟ್, ಇಂಜೆಕ್ಟರಿನ ಒಂದು ನಾಜಲ್. ಊರ ಮಿಸ್ತ್ರಿಯೇ ಹೆಡ್ ಇಳಿಸಿ ಕೂರಿಸುತ್ತಾನೆ. ಮೂರರಲ್ಲಿ ಎಲ್ಲವೂ ಮೂರು ಪಟ್ಟು. ಡೀಸೆಲ್ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಮೂರೂ ಲೈನಿಗೆ ಸಮ ಡೀಸೆಲ್ ಬರುವಂತೆ ಹೊಂದಿಸಲೇಬೇಕು. ಹಾಗಾಗಿ ಜಾಮ್ ಆದ ಒಂಟಿ ಸಿಲಿಂಡರ್ ಬೆಲೆ ಸರಿಯಿದ್ದರೆ ತಗೊಳ್ಳಬಹುದು. ಜಾಮ್ ಆದ ಮೂರು ಸಿಲಿಂಡರನ್ನು ನಾವು ಬಿಡಿ ಎನ್ನುತ್ತೇವೆ. ಸುಲಭವಾಗಿ ತಿರುಗುವ ಮೂರು ಸಿಲಿಂಡರ್ ಮಾತ್ರ ಒಳ್ಳೆಯ ಬೇಟೆ. ಹಲವು ಸಲ ಚಾಲೂ ಮಾಡುವ ಮುನ್ನ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಸುಟ್ಟದ್ದಷ್ಟೇ ಕಾರಣ ಇರುತ್ತದೆ.

ತಿರುಗಿತೆಂದರೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ಕೆಳಗಿನ ರಬ್ಬರ್ ರಿಂಗ್. ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಹೊಡೆದರೆ ಫೀಡ್ ಪಂಪ್ ಸೋರುತ್ತಿದೆ ಅಥವಾ ನಾಜಲ್ ತೊಟ್ಟಿಕ್ಕುತ್ತಿದೆ. ಆಮೇಲೆಯೇ ನಿಮ್ಮದೇ ಚಾರ್ಜ್ ಆದ ಬ್ಯಾಟರಿ ಹಚ್ಚಿ. 5 ಲೀಟರ್ ಹೊಸ ಡೀಸೆಲ್ ಜೊತೆಗಿರಲಿ. ಡೀಸೆಲ್ ಲೈನಿನ ಗಾಳಿ ತೆಗೆಯುವಾಗ ಮೊದಲು ಡೀಸೆಲ್ ಫಿಲ್ಟರಿನ ಸ್ಕ್ರೂ, ನಂತರ ಪಂಪಿನದು, ಕೊನೆಗೆ ಇಂಜೆಕ್ಟರ್ ನಟ್ ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೆಯಿರಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿಗಿಂತ ತೀರಾ ಕೆಳಗಿಳಿದರೆ ಬ್ಯಾಟರಿ, ಕೇಬಲ್ ಇಲ್ಲವೇ ಸೆಲ್ಫ್ ಮೋಟರಿನ ದೋಷ. ಎಂಜಿನ್ನನ್ನು ಬೈದು ಫಲವಿಲ್ಲ.

ಭತ್ತದ ಗಾಡಿ, ದಾಳಿಂಬೆಯ ಗಾಡಿ

ಮೀಟರ್ ಎಷ್ಟು ಗಂಟೆ ತೋರಿಸಿದರೂ ಗಾಡಿ ಯಾವ ಕೆಲಸ ಮಾಡಿದೆ ಎಂಬುದೇ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದ ಗಾಲಿ) ಕಟ್ಟಿ ಕೆಸರು ಹೊಡೆದ ಗಾಡಿಯ ಹಿಂದಿನ ಆಕ್ಸಲ್ ಸೀಲಿನಿಂದ ನೀರು ಒಳಹೋಗಿರುತ್ತದೆ. ಹಿಂದಿನ ಡ್ರೇನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ನಿಧಾನ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಅದೇ ಮೊದಲು ತೊಟ್ಟಿಕ್ಕುತ್ತದೆ. ನೀರು ಕೂತ ಗಾಡಿ ವರ್ಷಗಟ್ಟಲೆ ನಿಂತಿದ್ದರೆ ಬೇರಿಂಗ್, ಗೇರ್ ಹಲ್ಲು ತುಕ್ಕು ತಿಂದಿರುತ್ತವೆ. ಅಂಥದ್ದನ್ನು ಎಂಜಿನ್ ಎಷ್ಟು ಚೆನ್ನಾಗಿದ್ದರೂ ಬಿಡಿ.

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟದಲ್ಲಿ ಔಷಧಿ ಹೊಡೆದ ಗಾಡಿಯ ಆಕ್ಸಲ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಪೆಟ್ಟು ಬಿದ್ದಿರುವುದು ಪಿಟಿಒಗೆ, ಅಂದರೆ ಪಂಪು, ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟಿಗೆ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕೈಗೆ ಸಿಕ್ಕರೆ ಬೇರಿಂಗ್ ಹೋಗಿದೆ. ರೇಡಿಯೇಟರ್ ಜಾಲರಿಯಲ್ಲಿ ಔಷಧಿ, ಧೂಳು ಸೇರಿ ಗಟ್ಟಿಯಾಗಿರುತ್ತದೆ. ಎರಡರಲ್ಲಿ ಆರಿಸಬೇಕಾದರೆ ನಮ್ಮದು ದಾಳಿಂಬೆಯ ಗಾಡಿಗೆ ಮತ.

ಓಡುವ ಹಳೇ ಗಾಡಿಯ ಲಾಭ ಒಂದೇ, ಆದರೆ ದೊಡ್ಡದು: ಹೈಡ್ರಾಲಿಕ್ ಕಣ್ಣಾರೆ ಕಾಣುತ್ತದೆ. ನಿಂತ ಗಾಡಿಯಲ್ಲಿ ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಓಡುವ ಗಾಡಿಯಲ್ಲಿ ರೋಟಾವೇಟರ್ ಎತ್ತಿಸಿ ಎಂಜಿನ್ ಬಂದ್ ಮಾಡಿ. ಹತ್ತು ನಿಮಿಷ ಅದು ಇಳಿಯಬಾರದು. ಹೋಗುವ ಮುನ್ನ ಫೋನ್ ಮಾಡಿ ಗಾಡಿ ಚಾಲೂ ಮಾಡಬೇಡಿ ಎಂದು ಹೇಳಿ, ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಾಗುವವರೆಗೂ ಕಾಯಿರಿ, ಏಕೆಂದರೆ ಕಂಪ್ರೆಷನ್ ಕಡಿಮೆಯಾದ ಗಾಡಿಯೂ ಬಿಸಿಯಲ್ಲಿ ಚೆನ್ನಾಗಿ ಹೊಡೆದುಕೊಳ್ಳುತ್ತದೆ. ನೀಲಿ ಹೊಗೆ ಬಿಡುತ್ತಲೇ ಇದ್ದರೆ, ಆಯಿಲ್ ಕ್ಯಾಪ್ ತೆಗೆದಾಗ ಬುಸುಬುಸು ಎಂದರೆ, ಅದೂ ಎಂಜಿನ್ ಕೆಲಸಕ್ಕೆ ಬಂದ ಗಾಡಿಯೇ. ಅಂಥದ್ದಕ್ಕೆ ಓಡುವ ಗಾಡಿಯ ಬೆಲೆ ಕೊಡುವುದಕ್ಕಿಂತ ನಿಂತ ಒಂಟಿ ಸಿಲಿಂಡರ್ ಮೇಲು.

ಬೆಲೆ ಮತ್ತು ಕಾಗದ

ಲೆಕ್ಕದ ರೀತಿ ಹೀಗೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ. ಅದೇ ಮಾದರಿ ಓಡುವ ಸ್ಥಿತಿಯಲ್ಲಿ 1,80,000 ರೂಪಾಯಿ ಇದೆ ಎನ್ನಿ. ಮಿಸ್ತ್ರಿ ಹೇಳಿದ ಎಂಜಿನ್ ಖರ್ಚು 45,000, ಬಿಚ್ಚಿದ ಮೇಲೆ ಕಾಣುವುದಕ್ಕೆ ಅದರ ಮೂರನೇ ಒಂದು ಪಾಲು, 15,000, ನೋಡಲಾಗದ ಹೈಡ್ರಾಲಿಕ್ಕಿಗೆ 15,000, ಬ್ಯಾಟರಿ 5,000, ಸಾಗಾಟ 4,000. ಒಟ್ಟು 84,000 ಕಳೆದರೆ 96,000. ಅದಕ್ಕಿಂತ ಒಂದು ರೂಪಾಯಿಯೂ ಮೇಲೆ ಹೋಗಬೇಡಿ. ನಮ್ಮ ಬಿಸಿಲಿಗೆ ನಿಂತಲ್ಲೇ ಟೈರ್ ಬಿರಿಯುತ್ತದೆ, ಅದನ್ನೂ ಕಳೆಯಿರಿ. ಪಕ್ಕದಲ್ಲಿರುವ ನಾಲ್ಕಂಕಿಯಲ್ಲಿ 2318 ಎಂದಿದ್ದರೆ ಅದು 2018ರ 23ನೇ ವಾರದ ಟೈರ್. ಮುಂಗಾರು ಬಿತ್ತನೆಗೆ ಬೇಕೆಂದು ಮೇ ತಿಂಗಳಲ್ಲಿ ಹುಡುಕುತ್ತಿದ್ದರೆ ನಿಂತದ್ದರ ಕಡೆ ನೋಡಲೇಬೇಡಿ. ಆಗ ಗ್ಯಾರೇಜುಗಳೆಲ್ಲ ತುಂಬಿರುತ್ತವೆ.

ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ನೀವೇ ಹೋಲಿಸಿ. ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದೆ ಎನ್ನುವ ಫಾರ್ಮ್ 35, ವರ್ಗಾವಣೆಗೆ ಮಾರುವವರ ಸಹಿ ಹಾಕಿದ ಫಾರ್ಮ್ 29 ಮತ್ತು 30 ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ. ಕೆಎ 34, 36, 37 (ಬಳ್ಳಾರಿ, ರಾಯಚೂರು, ಕೊಪ್ಪಳ) ಅಲ್ಲದೆ ಆಂಧ್ರದ ಆದೋನಿ, ತೆಲಂಗಾಣದ ಗದ್ವಾಲ ಕಡೆಯಿಂದ ಬಂದ ಗಾಡಿಯಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28, ಬೇಕೇಬೇಕು. ಟ್ರೇಲರ್ ಜೊತೆಗೆ ಕೊಡುತ್ತಿದ್ದರೆ ಅದರ ನೋಂದಣಿ ಕಾಗದವನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯಿರಿ.