ಟೆಂಪೋ ಟ್ರಾವೆಲರ್ ಟಾಪಿನ ಮ್ಯಾಲೆ ಸೋಲಾರ್: ಬಗ್ಗೋ ಪ್ಯಾನಲ್ ಛಲೋನೋ, ಗಾಜಿಂದೋ?

ನಮ್ಮ ಕೊಪ್ಪಳ, ರಾಯಚೂರು ಕಡೆ ಗಾಡಿ ಮ್ಯಾಲೆ ಸೋಲಾರ್ ಹಾಕ್ಸೋರು ಎಲ್ಲಾರೂ ಬಿಸ್ಲಿಂದು ಲೆಕ್ಕ ಹಾಕ್ತಾರ, ಕಾವಿಂದು ಹಾಕಂಗಿಲ್ಲ. ಪ್ಯಾನಲ್ಲಿಗೆ ಬೇಕಾಗಿದ್ದು ಬೆಳಕು, ಕಾವು ಅದಕ್ಕ ಶತ್ರು. ಹಿಂದ ಅಂಟ್ಸಿರೋ ಸ್ಟಿಕರ್‌ದಾಗ 100 ವ್ಯಾಟ್ ಅಂತ ಬರ್ದಿರ್ತಾರಲ್ಲ, ಅದು ಪ್ಯಾನಲ್ಲಿನ ಒಳಗಿನ ಸೆಲ್ (ಬೆಳಕನ್ನ ಕರೆಂಟ್ ಮಾಡೋ ಬಿಲ್ಲೆ) 25 ಡಿಗ್ರಿ ಇದ್ದಾಗಿನ ಮಾತು. ಅಲ್ಲಿಂದ ಮ್ಯಾಲೆ ಒಂದೊಂದು ಡಿಗ್ರಿಗೆ ಸುಮಾರು 0.35 ರಿಂದ 0.4 ಪರ್ಸೆಂಟ್ ಇಳೀತೈತಿ. ಮೇ ತಿಂಗಳದಾಗ ಗಂಗಾವತ್ಯಾಗ 40 ದಾಟಿದಾಗ ತಗಡಿನ ಟಾಪಿನ ಮ್ಯಾಲೆ ಸೆಲ್ 65-70ಕ್ಕ ಹೋಗ್ತೈತಿ, ಅಂದ್ರ 100 ರ ಪ್ಯಾನಲ್ 85ಕ್ಕ ಬಂತು ಅಂತ ತಿಳ್ಕೋರಿ.

ಗಾಡಿ ನಮ್ಮ ಸೋದರಮಾವಂದು, ಹಳೇ ಟೆಂಪೋ ಟ್ರಾವೆಲರ್. ಹಿಂದಿನ ಸೀಟು ಕಿತ್ತು ಮಂಚ, ಗ್ಯಾಸ್ ಒಲಿ, 12 ವೋಲ್ಟಿನ ಸಣ್ಣ ಫ್ರಿಜ್ಜು, ಕರೆಂಟ್ ಕಡಿಮಿ ತಿನ್ನೋ ಎರಡು ಬಿಎಲ್‌ಡಿಸಿ ಫ್ಯಾನು ಎಲ್ಲಾ ಹಾಕ್ಸ್ಯಾರ, ಶ್ರೀಶೈಲ, ಮಂತ್ರಾಲಯ, ಜನವರಿಗೆ ಗವಿಮಠದ ಜಾತ್ರಿ, ಒಮ್ಮೊಮ್ಮೆ ಸುಮ್ನ ಸಾಣಾಪುರ ಕೆರಿ ಕಡೆ ಹೋಗಿ ಮಲಗಿ ಬರೋದು. ನಂದು ಮೋಟರ್ ರಿವೈಂಡಿಂಗ್ ಅಂಗಡಿ, ಕರೆಂಟ್ ಅಳಿಯೋ ಕ್ಲ್ಯಾಂಪ್ ಮೀಟರ್ ಕೈಯಾಗ ಇರ್ತೈತಿ, ಹಂಗಾಗಿ "ಅಳಿಯಾ, ಯಾವ್ದು ಹಾಕ್ಸೋಣೋ" ಅಂತ ಮಾವ ಕೇಳಿದ್ರು. "ಮಾವಾ, ಎರಡೂ ಹಾಕಿ ನೋಡೋಣ್ರಿ, ಒಂದೇ ಟಾಪು ಒಂದೇ ಬಿಸ್ಲು" ಅಂದೆ. 100 ವ್ಯಾಟಿಂದು ಬಗ್ಗೋ ಪ್ಯಾನಲ್ ಒಂದು, 100 ವ್ಯಾಟಿಂದು ಗಾಜಿಂದು ಒಂದು, ಬ್ಯಾರೆ ಬ್ಯಾರೆ ವೈರು.

ಬಗ್ಗೋದು ನೋಡಾಕ ಭಾಳ ಚಂದ, ಎರಡು-ಮೂರು ಕೇಜಿ ಅಷ್ಟ, ಡ್ರಿಲ್ ಹೊಡಿಯೋದು ಬ್ಯಾಡ, ಅಂಟು ಹಚ್ಚಿ ಒತ್ತಿದ್ರ ಮುಗೀತು, ರೋಡಿನ್ಯಾಗ ನೋಡಿದೋರಿಗೆ ಟಾಪಿನ ಮ್ಯಾಲೆ ಏನೈತಿ ಅಂತಾನೂ ಗೊತ್ತಾಗಂಗಿಲ್ಲ. ಗಾಜಿಂದು ಏಳೆಂಟು ಕೇಜಿ, ಆಂಗಲ್ ಬೇಕು, ಬೋಲ್ಟ್ ಹಾಕಿದ ತೂತಿಗೆ ಸೀಲಂಟ್ ಬಳೀಬೇಕು, ಇಲ್ಲಾಂದ್ರ ಮಳೆಗಾಲಕ್ಕ ಹಾಸಿಗಿ ತೋಯ್ತೈತಿ. ಮುಂಜಾನಿ ಎರಡರದ್ದೂ ಆಂಪ್ ಹೆಚ್ಚು ಕಡಿಮಿ ಒಂದೇ. ಮಧ್ಯಾಹ್ನ ಆದಂಗ ಆಟ ಬದಲಾಗ್ತೈತಿ, ಬಗ್ಗೋದಕ್ಕ ಬುಡಕ ಗಾಳಿ ಇಲ್ಲ, ತಗಡಿಗೆ ಅಂಟ್ಕೊಂಡು ಕುಂತಿರ್ತೈತಿ, ರೊಟ್ಟಿ ಹಂಚಿನ ಮ್ಯಾಲೆ ಇಟ್ಟಂಗ. ಗಾಜಿನ ಪ್ಯಾನಲ್ ಬುಡಕ ಎರಡು ಇಂಚು ಜಾಗ ಬಿಟ್ಟಿದ್ವಿ, ಗಾಡಿ ಓಡುವಾಗ ಅಲ್ಲಿ ಗಾಳಿ ಆಡ್ತೈತಿ, ಮ್ಯಾಲೆ ಟಾಪಿಗೂ ನೆರಳಾಗಿ ಒಳಗ ಮಲಗಿದೋರಿಗೆ ಝಳ ಕಡಿಮಿ (ಮಾವನ ಹೆಂಡ್ತಿಗೆ ಆಂಪ್ ಗೀಂಪ್ ಬ್ಯಾಡ, ಇದೊಂದೇ ಕಾರಣ ಸಾಕಾತು). ಎರಡನೇ ಬ್ಯಾಸಿಗಿ ಹೊತ್ತಿಗೆ ಬಗ್ಗೋದರ ಮ್ಯಾಲೆ ಗುಳ್ಳಿ ಎದ್ದು, ಪ್ಲಾಸ್ಟಿಕ್ ಹಳದಿಗೆ ತಿರುಗ್ತು. ಬಗ್ಗೋದರಾಗ ಮ್ಯಾಲಿನ ಪ್ಲಾಸ್ಟಿಕ್ ಪದರ ಎರಡು ತರ, ಇಟಿಎಫ್‌ಇ ಪದರದ್ದು ತುಟ್ಟಿ ಇರ್ತಾವು, ಅವು ಸಸ್ತಾ ಪಿಇಟಿ ಪದರದ್ದಕ್ಕಿಂತ ತಾಳ್ತಾವು, ಆದ್ರ ಬುಡಕ ಗಾಳಿ ಇಲ್ಲದ ಸಮಸ್ಯೆ ಅವುಕ್ಕೂ ಐತಿ. ಹಿಮಾಲಯಕ್ಕ ಹೋಗೋರು ಬಗ್ಗೋದು ಹಾಕ್ಕೊಳ್ಳಿ, ನಮ್ಮ ಕಡೆ ನಾನಂತೂ ಹಾಕಂಗಿಲ್ಲ.

ಇನ್ನ ಕಂಟ್ರೋಲರ್, ಅಂದ್ರ ಪ್ಯಾನಲ್ಲಿಗೂ ಬ್ಯಾಟ್ರಿಗೂ ನಡುವ ಕುಂತು ಚಾರ್ಜಿಂಗ್ ನೋಡ್ಕೊಳ್ಳೋ ಡಬ್ಬಿ. ಅದರಾಗ ಎರಡು ಜಾತಿ, ಪಿಡಬ್ಲ್ಯೂಎಂ ಮತ್ತ ಎಂಪಿಪಿಟಿ. ಎಲ್ಲಾರೂ ಪಿಡಬ್ಲ್ಯೂಎಂ ಬ್ಯಾಡ ಎಂಪಿಪಿಟಿನ ಹಾಕ್ರಿ ಅಂತಾರ, 30 ಪರ್ಸೆಂಟ್ ಜಾಸ್ತಿ ಬರ್ತೈತಿ ಅಂತಾರ. ತಡೀರಿ. 12 ವೋಲ್ಟ್ ಬ್ಯಾಟ್ರಿಗೆ ಅಂತ ಮಾಡಿರೋ 36 ಸೆಲ್ಲಿನ ಪ್ಯಾನಲ್‌ನ 12 ವೋಲ್ಟ್ ಪ್ಯಾನಲ್ ಅಂತಾರ, ಆದ್ರ ಅದು ಕೆಲಸ ಮಾಡೋದು 18 ವೋಲ್ಟಿಗೆ. ಪಿಡಬ್ಲ್ಯೂಎಂ ಅದನ್ನ ಬ್ಯಾಟ್ರಿಯ 13 ಚಿಲ್ಲರೆ ವೋಲ್ಟಿಗೆ ಎಳ್ದು ಕೂಡಿಸ್ತೈತಿ, ನಡುವಿನ ವೋಲ್ಟ್ ದಂಡ. ಎಂಪಿಪಿಟಿ ಆ ವೋಲ್ಟನ್ನ ಆಂಪ್ ಮಾಡಿ ಕೊಡ್ತೈತಿ. ಆದ್ರ ಕಾವಿಗೆ ಮೊದ್ಲ ಬೀಳೋದ ವೋಲ್ಟ್, ನಮ್ಮ ಮೇ ತಿಂಗಳ ಬಿಸ್ಲಾಗ ಆ 18 ಬಂದು 15ಕ್ಕ ಇಳೀತೈತಿ, ಆಮ್ಯಾಲೆ ಎಂಪಿಪಿಟಿಗೆ ಉಳಿಸಾಕ ಏನ್ ಉಳೀತು? ನನ್ನ ಮೀಟರ್‌ದಾಗ ಮಧ್ಯಾಹ್ನ ಅರ್ಧ ಆಂಪಿನ ಮ್ಯಾಲೆ ವ್ಯತ್ಯಾಸ ಬರ್ಲಿಲ್ಲ, ಡಿಸೆಂಬರ್ ಥಂಡ್ಯಾಗ ಒಂದು ಆಂಪ್ ಹತ್ರ ಬಂತು. ಸಣ್ಣ 12 ವೋಲ್ಟ್ ಪ್ಯಾನಲ್ ಒಂದೇ ಹಾಕೋರು ಪಿಡಬ್ಲ್ಯೂಎಂ ಹಾಕಿ ರೊಕ್ಕ ಉಳಿಸ್ಕೋರಿ, ಯಾರೂ ಏನೂ ಅನ್ನಂಗಿಲ್ಲ.

ಎಂಪಿಪಿಟಿ ಖರೇ ಆಟ ಇರೋದು ಮನಿ ಟಾಪಿಗೆ ಹಾಕೋ 72 ಸೆಲ್ಲಿನ ದೊಡ್ಡ ಪ್ಯಾನಲ್ಲಿಗೆ. ಕಡೀಕ ಮಾವನ ಗಾಡಿಗೆ ಹಾಕಿದ್ದು ಅದನ್ನ, 335 ವ್ಯಾಟಿಂದು, ಎರಡು ಮೀಟರ್ ಉದ್ದ ಒಂದು ಮೀಟರ್ ಅಗಲ, ಇಪ್ಪತ್ತು ಕೇಜಿ ಮ್ಯಾಲೆ ತೂಕ, ಇಬ್ಬರು ಬೇಕು ಎತ್ತಾಕ. ವ್ಯಾಟಿಗೆ ಇಷ್ಟು ಅಂತ ಲೆಕ್ಕ ಹಾಕಿದ್ರ ಸಣ್ಣ ಪ್ಯಾನಲ್ಲಿಗಿಂತ ಭಾಳ ಸಸ್ತಾ. ಅದು 38 ವೋಲ್ಟ್ ಹತ್ರ ಓಡ್ತೈತಿ, 9 ಆಂಪ್. ಇದಕ್ಕ ಪಿಡಬ್ಲ್ಯೂಎಂ ಹಾಕಿದ್ರ ಮೂರರಾಗ ಎರಡು ಪಾಲು ನೀರಾಗ ಹೋತು. ಎಂಪಿಪಿಟಿ ಹಾಕಿದ್ರ ಬ್ಯಾಟ್ರಿಗೆ 20 ಆಂಪ್ ಸುಮಾರು ಇಳೀತೈತಿ.

ವೈರಿನ ವಿಷಯಕ್ಕೂ ಇದ ಛಲೋ. 12 ವೋಲ್ಟಿನ ಎರಡು ಪ್ಯಾನಲ್ ಜೋಡಿಸಿದ್ರ 11 ಆಂಪ್, ಹೋಗಿ ಬರೋ ವೈರು ಹತ್ತು ಮೀಟರ್ ಅಂದ್ರ 4 ಸ್ಕ್ವೇರ್ ಎಂಎಂ ತಾಮ್ರದಾಗ ಅರ್ಧ ವೋಲ್ಟ್ ಹೋಗ್ತೈತಿ, 15 ರಾಗ ಅರ್ಧ ಅಂದ್ರ ಲೆಕ್ಕಕ್ಕ ಬರೋ ಮಾತು. 38 ರಾಗ ಅರ್ಧ ಹೋದ್ರ ಹೋಗ್ಲಿ ಬಿಡ್ರಿ. ಮನಿ ವೈರಿಂಗ್ ಪಿವಿಸಿ ವೈರು ಮಾತ್ರ ಟಾಪಿನ ಮ್ಯಾಲೆ ಎಳೀಬ್ಯಾಡ್ರಿ, ಬಿಸ್ಲಿಗೆ ಸೀಳ್ತೈತಿ, ಸೋಲಾರ್ ಡಿಸಿ ಕೇಬಲ್ಲ ತರ್ರಿ, ಪ್ಯಾನಲ್ ವೈರು ಜೋಡಿಸೋ ಎಂಸಿ4 ಕನೆಕ್ಟರ್ ಹಾಕ್ರಿ. ಅಂಗಡ್ಯಾಗ ಎಂಸಿಬಿ (ಕರೆಂಟ್ ಮಿತಿ ಮೀರಿದ್ರ ತಾನ ಕಟ್ ಮಾಡೋ ಸ್ವಿಚ್ಚು) ಕೇಳಿದ್ರ ಮನೀದು ಎಸಿ ಎಂಸಿಬಿ ಕೊಡ್ತಾರ, "ಎಲ್ಲಾ ಒಂದೇರಿ" ಅಂತಾರ, ಒಂದ ಅಲ್ಲ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರ್ತೈತಿ, ಅಲ್ಲಿ ಕಿಡಿ ಆರ್ತೈತಿ, ಡಿಸಿಗೆ ಆ ಸೊನ್ನೆನ ಇಲ್ಲ, ಕಿಡಿ ಉರ್ಕೊಂತನ ಇರ್ತೈತಿ. ಡಿಸಿ ಅಂತ ಬರ್ದಿದ್ದ ತಗೋರಿ, ಬ್ಯಾಟ್ರಿ ಪ್ಲಸ್ಸಿನ ಪಕ್ಕದಾಗ ಫ್ಯೂಸ್ ಇರ್ಲಿ. ಜೋಡಿಸುವಾಗ ಕಂಟ್ರೋಲರಿಗೆ ಮೊದ್ಲು ಬ್ಯಾಟ್ರಿ ಆಮ್ಯಾಲೆ ಪ್ಯಾನಲ್, ಬಿಚ್ಚುವಾಗ ಉಲ್ಟಾ.

ಬ್ಯಾಟ್ರಿ ಜಗಳ ಮನ್ಯಾಗ ಭಾಳ ದಿನ ನಡೀತು. ಮಾವಂದು ಟ್ಯೂಬುಲರ್ (ಸೀಸ-ಆಸಿಡ್ ಬ್ಯಾಟ್ರಿ) ಪಕ್ಷ, ಮನ್ಯಾಗ ಇನ್ವರ್ಟರಿಂದು 150 ಎಎಚ್ (ಆಂಪ್-ಅವರ್, ಬ್ಯಾಟ್ರಿ ಹಿಡಿಯೋ ಅಳತಿ) ಇತ್ತು, ಅದನ್ನ ಇಟ್ಟು ಓಡಿಸಿದ್ವಿ. ಐವತ್ತು ಕೇಜಿ ಮ್ಯಾಲೆ ಭಾರ, ಅರ್ಧಕ್ಕಿಂತ ಕೆಳಗ ಇಳಿಸಿದ್ರ ಆಯಸ್ಸು ಹೋಗ್ತೈತಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತೈತಿ, ಮಲಗೋ ಜಾಗದಾಗ ಅದು ಬ್ಯಾಡ. ಆಮ್ಯಾಲೆ 100 ಎಎಚ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಲಿಥಿಯಂ ಬ್ಯಾಟ್ರಿ ತಂದ್ವಿ, ಹನ್ನೆರಡು ಕೇಜಿ ಸುಮಾರು, ರೇಟು ಎರಡ್ಪಟ್ಟು, 80-90 ಪರ್ಸೆಂಟ್ ತನಕ ಬಳಸಬಹುದು, ಹಂಗಾಗಿ ಎಎಚ್ ಕಡಿಮಿ ಇದ್ರೂ ಕೈಗೆ ಸಿಗೋದು ಅದ ಜಾಸ್ತಿ. ಮಾರೋರು ಹೇಳದ ಮಾತು ಒಂದೈತಿ, ಬಹಳಷ್ಟು ಲಿಥಿಯಂ ಬ್ಯಾಟ್ರಿ 45 ಡಿಗ್ರಿ ದಾಟಿದ ಮ್ಯಾಲೆ ಚಾರ್ಜ್ ತಗೋಬಾರ್ದು, ಬ್ಯಾಟ್ರಿಯೊಳಗಿನ ಕಾವಲು ಸರ್ಕೀಟ್ (ಬಿಎಂಎಸ್) ಕಟ್ ಮಾಡ್ತೈತಿ. ಮುದಗಲ್ ಕೋಟಿ ನೋಡಾಕ ಹೋದಾಗ ಕಿಡಕಿ ಹಾಕಿ ಬಿಸ್ಲಾಗ ಗಾಡಿ ನಿಲ್ಸಿದ್ವಿ, ಮಧ್ಯಾಹ್ನ ಬಂದು ನೋಡಿದ್ರ ಸೂರ್ಯ ನೆತ್ತಿ ಮ್ಯಾಲೆ, ಚಾರ್ಜ್ ಸೊನ್ನೆ. ಈಗ ಡಿಕ್ಕಿಯಿಂದ ತೆಗ್ದು ಮಂಚದ ಬುಡಕ ನೆಲಕ್ಕ ಇಟ್ಟು ಸಣ್ಣ ಕಂಪ್ಯೂಟರ್ ಫ್ಯಾನ್ ಹಚ್ಚೀವಿ, ನಡೀತೈತಿ. ಟ್ಯೂಬುಲರ್ ಕಾವಿಗೆ ಹಿಂಗ ಮುನಿಸ್ಕೊಳ್ಳಂಗಿಲ್ಲ, ಆದ್ರ ಒಳಗೊಳಗ ಬೇಗ ಮುದುಕಾಗ್ತೈತಿ. ನನ್ನ ವೋಟು ಲಿಥಿಯಂಗೆ, ಮಾವ ಇನ್ನೂ ಪೂರ್ತಿ ಒಪ್ಪಿಲ್ಲ.

ಪ್ಯಾನಲ್ ಓರೆ ಎತ್ತೋ ಸ್ಟ್ಯಾಂಡ್ ಬೇಕಾ ಅಂದ್ರ ಬ್ಯಾಡ. ನಾವಿರೋದು 15 ಡಿಗ್ರಿ ಅಕ್ಷಾಂಶದಾಗ, ಮೇ ಮೊದಲ ವಾರಕ್ಕ ಮತ್ತ ಆಗಸ್ಟಿನ್ಯಾಗ ಸೂರ್ಯ ಬರೊಬ್ಬರಿ ತಲಿ ಮ್ಯಾಲೆ ಬರ್ತಾನ. ಡಿಸೆಂಬರಿಗೆ ಮಾತ್ರ ಎತ್ತಿದ್ರ ಲಾಭ ಐತಿ, ಆದ್ರ ಆಗ ಫ್ಯಾನು ಯಾರು ಹಾಕ್ತಾರ? ಅದರ ಬದ್ಲಿ ಒರೆಸೋದು ಕಲೀರಿ. ಗಂಗಾವತಿ, ಕಾರಟಗಿ ರೈಸ್‌ಮಿಲ್ ಕಡೆ ನಿಲ್ಸಿದ್ರ ಹೊಟ್ಟಿನ ಬೂದಿ, ತೋರಣಗಲ್ಲು, ಸಂಡೂರು ಕಡೆ ಹೋದ್ರ ಕೆಂಪು ಧೂಳು. ನಸುಕಿನ್ಯಾಗ ಗಾಜು ತಣ್ಣಗಿದ್ದಾಗ ಮೆತ್ತನ್ನ ಬಟ್ಟಿ, ಬರೇ ನೀರು, ಸಾಕು, ಮಧ್ಯಾಹ್ನ ಕಾದ ಗಾಜಿನ ಮ್ಯಾಲೆ ತಣ್ಣೀರು ಸುರೀಬ್ಯಾಡ್ರಿ.