ಗೋಳಗುಮ್ಮಟದ ನಕ್ಷೆಗೆ ಅಮೆರಿಕದ ದಾರಿ: ವಿಪಿಎನ್ ಜೊತೆ ಮೂರು ವರ್ಷ

ನಾನು ವಿಪಿಎನ್ (ನಮ್ಮ ಇಂಟರ್ನೆಟ್ಟನ್ನು ಬೇರೆ ಊರಿನ ಸರ್ವರ್ ಮೂಲಕ ಕಳಿಸಿ, ಅಲ್ಲಿಂದಲೇ ಬಂದಂತೆ ತೋರಿಸುವ ಸೇವೆ) ತೊಗೊಂಡಿದ್ದು ಸಿನಿಮಾ ನೋಡೋಕಲ್ಲ. ವಿಜಯಪುರದ ಹಳೇ ಕಟ್ಟಡಗಳ ಬಗ್ಗೆ ಓದುವ ಚಟ ನನಗೆ. ಬ್ರಿಟಿಷರ ಕಾಲದ ಪುಸ್ತಕಗಳ ಸ್ಕ್ಯಾನ್ ಅಮೆರಿಕದ ಒಂದು ಡಿಜಿಟಲ್ ಲೈಬ್ರರಿಯಲ್ಲಿವೆ. ಗೋಳಗುಮ್ಮಟ ನಮ್ಮ ಮಾಳಿಗೆ ಮೇಲಿಂದಲೇ ಕಾಣುತ್ತದೆ. ಅದರ ನಕ್ಷೆ ಇರುವ ಪುಟ ಮಾತ್ರ ಇಲ್ಲಿ ತೆರೆಯುತ್ತಿರಲಿಲ್ಲ! ಅಮೆರಿಕದ ಕಾನೂನಿನಲ್ಲಿ, ಪ್ರಕಟವಾಗಿ 95 ವರ್ಷ ದಾಟಿದ ಹಳೇ ಪುಸ್ತಕದ ಕಾಪಿರೈಟ್ ಹಕ್ಕು ಮುಗಿದಿರುತ್ತದೆ. ನಮ್ಮಲ್ಲಿ ಲೇಖಕ ತೀರಿಕೊಂಡು 60 ವರ್ಷ ಆಗಬೇಕು. ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ. ಹಾಗಾಗಿ ಓದುಗ ಯಾವ ದೇಶದವನು ಅಂತ ತೋರಿಸುವ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕದ ನಂಬರು) ನೋಡಿ ಬಾಗಿಲು ತೆಗೆಯುವುದು, ಹಾಕುವುದು.

ಮೊದಲು ಪುಕ್ಕಟೆ ಪ್ರಾಕ್ಸಿ, ಅಂದರೆ ನಮ್ಮ ಪರವಾಗಿ ಪುಟ ತಂದುಕೊಡುವ ಮಧ್ಯವರ್ತಿ ಸರ್ವರ್, ಹಿಡಿದೆ. ಒಂದು ಪುಟ ಬರುವಷ್ಟರಲ್ಲಿ ಚಹಾ ಆರುತ್ತಿತ್ತು, ಜಾಹೀರಾತು ಬೇರೆ. ಆಮೇಲೆ ರೊಕ್ಕ ಕೊಟ್ಟು ವಿಪಿಎನ್ ಹಾಕಿಸಿದೆ. ನ್ಯೂಯಾರ್ಕ್ ಸರ್ವರ್ ಆರಿಸಿದರೆ ಪುಸ್ತಕ ತೆರೆಯಿತು. ಓದುವ ಮಟ್ಟಿಗೆ ವೇಗ ಸಾಕು.

ತಲೆಬಿಸಿ ಆಗಿದ್ದು ಕಿಲ್ ಸ್ವಿಚ್‌ನಿಂದ. ವಿಪಿಎನ್ ಕಡಿದರೆ ಇಂಟರ್ನೆಟ್ಟನ್ನೇ ಅದು ತಡೆಯುತ್ತದೆ, ನಿಮ್ಮ ಅಸಲಿ ವಿಳಾಸ ಹೊರಗೆ ಬೀಳಬಾರದು ಅಂತ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಲ್ಯಾಪ್‌ಟಾಪ್ ಸುಮ್ಮನಾಗುತ್ತಿತ್ತು. 'ನೆಟ್ ಹೋಗೇತ್ರೀ' ಅಂತ ಮನೆಯವರು ಕೇಬಲ್ ಹುಡುಗನನ್ನು ಎರಡು ಸಲ ಕರೆಸಿದರು. ಎರಡನೇ ಸಲ ಅವನು ಬಂದು, ನನ್ನ ಕಡೆ ನೋಡಿ, ಏನೂ ಅನ್ನದೆ ಹೋದ. ವಿಪಿಎನ್ ಬಂದ್ ಮಾಡದೆ ಬ್ಯಾಂಕ್ ಆ್ಯಪ್ ತೆರೆದಿದ್ದೂ ನನ್ನದೇ ತಪ್ಪು. ವಿಜಯಪುರದ ಖಾತೆಗೆ ನ್ಯೂಯಾರ್ಕ್‌ನಿಂದ ಲಾಗಿನ್ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಖಾತೆ ಒಂದು ದಿನ ಲಾಕ್.

ಮಗಳ ಮನೆಗೆಂದು ಡಲ್ಲಾಸ್‌ಗೆ ಹೋದಾಗ ಕನ್ನಡ ಧಾರಾವಾಹಿಗಾಗಿ ಉಲ್ಟಾ ಪ್ರಯತ್ನ ಮಾಡಿದೆವು. ಪಟ್ಟಿಯಲ್ಲಿ 'ಇಂಡಿಯಾ' ಅಂತಿತ್ತು, ಯಂತ್ರ ಮಾತ್ರ ಸಿಂಗಪುರದಲ್ಲಿ. ಗ್ರಾಹಕರ ವಿವರ 5 ವರ್ಷ ಇಡಬೇಕೆಂದು 2022ರಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಆದೇಶ ಬಂದ ಮೇಲೆ ಹಲವು ವಿಪಿಎನ್ ಕಂಪನಿಗಳು ಭಾರತದಿಂದ ಸರ್ವರ್ ಎತ್ತಿಕೊಂಡು ಹೋದವು. ಒಂದು ಸಂಜೆ ನಡೆಯಿತು, ಮರುದಿನ ಧಾರಾವಾಹಿ ಆ್ಯಪ್‌ನವರು ಆ ಐಪಿಯನ್ನೇ ತಡೆದರು. ಟಿವಿ ಆಸೆಗೆ ಇದನ್ನು ಕೊಳ್ಳಬೇಡಿ.

ಎರಡು ವರ್ಷದ ಪ್ಯಾಕ್ ಅಗ್ಗ. ನವೀಕರಣಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಹಾಕಿದ್ದರು. ತಾನಾಗೇ ಹಣ ಕಡಿತವಾಗುವುದಕ್ಕೆ 2021ರ ಅಕ್ಟೋಬರ್‌ನಿಂದ ಆರ್‌ಬಿಐ ಬಿಗಿ ಮಾಡಿದೆಯಲ್ಲ, ನನ್ನ ಕಾರ್ಡಿನಿಂದ ಅದು ಹೋಗಲಿಲ್ಲ. ಬಚಾವಾದೆ. ಈಗ ಓದೋದು ರಾಶಿ ಬಿದ್ದಾಗ ಒಂದೇ ತಿಂಗಳಿಗೆ ಹಾಕಿಸುತ್ತೇನೆ. ಐದಕ್ಕೆ ಮೂರೂವರೆ ಸ್ಟಾರ್. ಆ ಅರ್ಧ ಸ್ಟಾರ್ ನಕ್ಷೆಗೆ.